ಮಾರ್ತವ್ವ ಕೇಳಿದ ಸಾಲುಗಳು

ಕಳೆದ ತಿಂಗಳು ಕೊಲ್ಲಾಪುರದ ದವಾಖಾನೆಯೊಂದರಲ್ಲಿ ನನ್ನ ಕಿವಿಯ ಪರೀಕ್ಷೆಯಾಯಿತು. ಗಾಜಿನ ಕಿಟಕಿಯಿದ್ದ ಇಕ್ಕಟ್ಟಾದ ಕೋಣೆಯಲ್ಲಿ ಕೂರಿಸಿ, ಎರಡೂ ಕಿವಿಗೆ ಮೆತ್ತನೆಯ ಮುಚ್ಚಳದಂಥದ್ದನ್ನು ತೊಡಿಸಿ, ಕೈಯಲ್ಲೊಂದು ಗುಂಡಿ ಕೊಟ್ಟ ಹುಡುಗಿ, "ಸಪ್ಪಳ ಕೇಳಿದಾಗಷ್ಟ ಒತ್ರಿ, ಆಜಿ" ಎಂದಳು. ನಾನು ಒತ್ತಿದೆ. ಕೇಳಿದಾಗಲೂ ಒತ್ತಿದೆ, ಕೇಳಿರಬಹುದು ಅನ್ನಿಸಿದಾಗಲೂ ಒತ್ತಿದೆ, ಒತ್ತದೆ ಬಹಳ ಹೊತ್ತಾಯಿತು, ಹುಡುಗಿ ಏನೆಂದುಕೊಂಡಾಳೋ ಎಂದೂ ಒತ್ತಿದೆ. ಕೊನೆಗೆ ಅವಳು ನಗುತ್ತ ಬಾಗಿಲು ತೆರೆದು, "ಆಜೀ, ನಾ ಸಪ್ಪಳಾನ ಕಳಿಸಿಲ್ಲ, ನೀವು ಒತ್ತಾಕತ್ತೀರಿ!" ಎಂದಳು.

ನಾಚಿಕೆಯಾಯಿತು. ಕೇಳದೆಯೇ ಕೇಳಿದೆನೆನ್ನುವ ಈ ಚಾಳಿ ನನ್ನಲ್ಲಿ ನಿನ್ನೆ ಮೊನ್ನೆಯದಲ್ಲ. ಆ ಪುಟ್ಟ ಕೋಣೆಯಲ್ಲಿ ಕೂತಂತೆಯೇ ನನಗೆ ಮಾರ್ತವ್ವ ನೆನಪಾದಳು. ಕೇಳುವುದೆಂದರೆ ಏನೆಂದು ಬಲ್ಲ ಒಬ್ಬ ಹೆಂಗಸನ್ನು ನಾನು ಈ ಜನ್ಮದಲ್ಲಿ ಕಂಡಿದ್ದೇನೆ. ಆಕೆಗೆ ಓದಲು ಬರುತ್ತಿರಲಿಲ್ಲ.

ನೀವು ಇಚಲಕರಂಜಿಗೆ ಹೋಗಿದ್ದೀರೋ ಇಲ್ಲವೋ ನಾನರಿಯೆ. ಎಪ್ಪತ್ತರ ದಶಕದಲ್ಲಿ ನಾನು ನಿಪ್ಪಾಣಿಯಿಂದ ಮದುವೆಯಾಗಿ ಆ ಊರಿಗೆ ಹೋದಾಗ ಮೊದಲ ಎಂಟು ದಿನ ನನಗೆ ಜ್ವರ ಬಂದಂತಿತ್ತು. ಎಡಕ್ಕೂ ಬಲಕ್ಕೂ ಹಿಂದಕ್ಕೂ ವಿದ್ಯುತ್ ಮಗ್ಗಗಳ ಶೆಡ್ಡುಗಳು. ಗೋಡೆಗೆ ಕೈಯಿಟ್ಟರೆ ಗೋಡೆ ನಡುಗುತ್ತಿತ್ತು. ತಾಮ್ರದ ಹಂಡೆಯೊಳಗಿನ ನೀರು ತಾನಾಗಿ ಅಲುಗುತ್ತಿತ್ತು. ಆ ಓಣಿಯಲ್ಲಿ ಯಾರೂ ಮೆಲ್ಲಗೆ ಮಾತಾಡುತ್ತಿರಲಿಲ್ಲ. ಹೊಸದಾಗಿ ಮದುವೆಯಾದ ನನ್ನ ಗಂಡ ನನಗೊಂದು ಗುಟ್ಟು ಹೇಳಬೇಕಾದರೂ ಕೂಗಬೇಕು, ಕೂಗಿದರೆ ಅಡುಗೆಮನೆಯಿಂದ ಅತ್ತೆ "ಏನಂದಿ?" ಎಂದು ಕೇಳುತ್ತಿದ್ದರು. ವಾರಕ್ಕೊಂದು ದಿನ ಮಗ್ಗಗಳಿಗೆ ರಜೆ. ಆ ದಿನ ಊರೆಲ್ಲ ಒಮ್ಮೆಲೇ ಸುಮ್ಮನಾದಾಗ ಗುಬ್ಬಿಗಳ ದನಿ ಕೇಳಿ ನಾನು ಬೆಚ್ಚಿಬಿದ್ದದ್ದುಂಟು.

ಅಂಥದೊಂದು ರಜೆಯ ಮಧ್ಯಾಹ್ನ ನಮ್ಮ ಮೆಟ್ಟಿಲ ಬುಡದಲ್ಲಿ ಮಾರ್ತವ್ವ ಬಂದು ನಿಂತಳು. ನಲವತ್ತರ ಆಸುಪಾಸಿನ ಹೆಂಗಸು. ಓಣಿಯ ಕೊನೆಯ ಸಾಲುಮನೆಗಳ ಚಾಳಿನಲ್ಲಿ ಮನೆ; ಗಂಡ ದಾನಪ್ಪ ಹತ್ತಿರದ ಶೆಡ್ಡಿನಲ್ಲಿ ನೇಕಾರ, ಆಕೆ ಅದೇ ಶೆಡ್ಡಿಗೆ ನೂಲಿನ ಉರುಳೆ, ಅಂದರೆ ಕಂಡಿಕೆ, ಸುತ್ತುವವಳು. ಕ್ರಿಸ್ತನವರು. ಕಂಕುಳಲ್ಲಿ ಬಟ್ಟೆಯಲ್ಲಿ ಸುತ್ತಿದ ದಪ್ಪ ಪುಸ್ತಕವಿತ್ತು.

"ಅಕ್ಕಾರ, ನಿಮಗ ಕನ್ನಡ ಓದಾಕ ಬರ್ತೈತೆಂತ?"

ಬರುತ್ತದೆ ಎಂದೆ. ಆ ಓಣಿಯಲ್ಲಿ ಅದೊಂದು ದೊಡ್ಡ ವಿದ್ಯೆ. ಎಲ್ಲರ ಮನೆಮಾತು ಅರ್ಧ ಕನ್ನಡ, ಆದರೆ ಶಾಲೆ ಮರಾಠಿ. ಮಾರ್ತವ್ವ ಹುಟ್ಟಿದ್ದು ಗಡಹಿಂಗ್ಲಜ ಕಡೆಯ ಗಡಿಹಳ್ಳಿಯಲ್ಲಿ. ಅವಳಪ್ಪ ದಿನಾ ಸಂಜೆ ಆ ಪುಸ್ತಕವನ್ನು ಗಟ್ಟಿಯಾಗಿ ಓದುತ್ತಿದ್ದನಂತೆ. ಅಪ್ಪ ಹೋದಮೇಲೆ ಪುಸ್ತಕ ಇವಳ ಪಾಲಿಗೆ ಬಂತು, ಓದುವವರು ಯಾರೂ ಬರಲಿಲ್ಲ. ಮದುವೆಯಾಗಿ ಆಜರಾಕ್ಕೆ ಹೋಗಿದ್ದ ಮಗಳು ಕಲಿತದ್ದೂ ಮರಾಠಿಯೇ.

"ಇಲ್ಲಿ ದೇವಸಭೆಯೊಳಗ ಮರಾಠಿ ಓದ್ತಾರಲ್ಲ, ತಿಳಿಯೂದಿಲ್ಲೇನು?" ಎಂದೆ.

"ತಿಳೀತೈತ್ರಿ. ಆದ್ರ ನಮ್ಮಪ್ಪನ ಮಾತಿನ್ಯಾಗ ಕೇಳಿದ್ರ ಅದು ಒಳಗ ಇಳೀತೈತಿ. ವಾರಕ್ಕ ಒಂದೀಟ ಓದ್ರಿ, ಸಾಕು."

ಅತ್ತೆ ಒಳಗಿನಿಂದ ನನ್ನತ್ತ ನೋಡಿದರು. ನಮ್ಮದು ಲಿಂಗಾಯತರ ಮನೆ, ನೂಲಿನ ವ್ಯಾಪಾರ. ಓದಬೇಡವೆಂದು ಅವರು ಹೇಳಲಿಲ್ಲ. ಆಕೆ ಮೆಟ್ಟಿಲು ಹತ್ತಬಾರದೆಂದು ನೋಟದಲ್ಲೇ ಹೇಳಿದರು. ನಾನೂ ಅದನ್ನು ಪ್ರಶ್ನಿಸಲಿಲ್ಲ. ನಾನು ಮೇಲಿನ ಮೆಟ್ಟಿಲಲ್ಲಿ, ಮಾರ್ತವ್ವ ಬಿಸಿಲಲ್ಲಿ, ಕೆಳಗಿನ ಮೆಟ್ಟಿಲಲ್ಲಿ. ಹಾಗೆ ಶುರುವಾಯಿತು.

ಶಾಲೆಯಲ್ಲಿ ಗಟ್ಟಿಯಾಗಿ ಓದಿ ಬಹುಮಾನ ಪಡೆದವಳು ನಾನು. ಯೇಸು ಗುಡ್ಡದ ಮೇಲೆ ಕೂತು ಜನರಿಗೆ ಬೋಧಿಸಿದ ಭಾಗವನ್ನು ಆಕೆಯೇ ಆರಿಸಿದಳು. ನಾನು ರೈಲು ಬಿಟ್ಟಂತೆ ಓದತೊಡಗಿದೆ. ನಾಲ್ಕನೆಯ ಸಾಲಿಗೆ ಆಕೆ ಕೈಯೆತ್ತಿದಳು. "ತಡೀರಿ ಅಕ್ಕಾರ. ಇಷ್ಟ ಒಮ್ಮೆಲೇ ಹೆಂಗ ಮಾಡ್ಲಿ?"

"ಮಾಡೂದಲ್ಲ, ಕೇಳೂದು" ಎಂದೆ ನಾನು, ತಿಳಿದವಳಂತೆ.

"ಮಾಡ್ಲಿಲ್ಲಂದ್ರ ಕೇಳಿದಂಗ ಹೆಂಗ ಆತ್ರಿ?"

ಅಂದಿನಿಂದ ಅದು ಆಕೆಯ ನೇಮ. ಒಂದು ಮಾತು ಓದಬೇಕು. ಅದನ್ನು ಮಾಡಿ ಬಂದಮೇಲೆ ಮುಂದಿನದು. ಮಾಡಲಾಗದಿದ್ದರೆ ಮುಂದಿನ ವಾರ ಬಂದು ಅದನ್ನೇ ಮತ್ತೆ ಓದಿಸುವಳು.

ಮನಸ್ತಾಪವಿರುವ ಸಹೋದರನೊಡನೆ ಮೊದಲು ರಾಜಿಯಾಗಿ, ಆಮೇಲೆ ಕಾಣಿಕೆ ಅರ್ಪಿಸು ಎಂಬ ಅರ್ಥದ ಮಾತು ಬಂದಾಗ ಎರಡು ವಾರ ಆಕೆಯ ಸುಳಿವಿಲ್ಲ. ಊರಲ್ಲಿದ್ದ ತಮ್ಮನೊಡನೆ ಆರು ವರ್ಷದಿಂದ ಮಾತಿರಲಿಲ್ಲವಂತೆ. ಬಸ್ಸು ಹಿಡಿದು ಅಲ್ಲಿಗೇ ಹೋಗಿದ್ದಳು. ನಾನು ಓದುವಾಗ ಅಕ್ಕಿ ಆರಿಸುತ್ತ ನಮಗೆ ಬೆನ್ನುಹಾಕಿ ಕೂರುತ್ತಿದ್ದ ಅತ್ತೆಗೆ ಆ ಎರಡು ವಾರ ಜೀವ ತಡೆಯಲಿಲ್ಲ. "ಆಕಿ ಬಂದ್ಲೇನ? ತಮ್ಮ ಮಾತಾಡ್ಸಿದ್ನಂತೇನ?" ಎಂದು ನನ್ನನ್ನು ಕೇಳಿದರು. ತಮ್ಮ ಮಾತಾಡಿಸಿದ್ದ, ಒಂದು ಚೀಲ ಶೇಂಗಾವನ್ನೂ ಕೊಟ್ಟು ಕಳಿಸಿದ್ದ. ಆಣೆಯಿಡಬೇಡ, ಹೌದಾದರೆ ಹೌದೆಂದಷ್ಟೇ ಹೇಳು ಎಂಬ ಮಾತಿಗೆ ಮಾತ್ರ ಒಂದು ತಿಂಗಳೇ ಹಿಡಿಯಿತು. ಮಾತಿಗೊಮ್ಮೆ "ದೇವರಾಣಿ" ಎನ್ನುವುದು ಆಕೆಯ ರೂಢಿ. ಬದನೆಕಾಯಿ ಹುಳುಕೆಂದು ಹೇಳುವುದಕ್ಕೂ ದೇವರಾಣಿಯೇ. "ಅಕ್ಕಾರ, ದೇವ—" ಎಂದು ಗಕ್ಕನೆ ಬಾಯಿಗೆ ಸೆರಗು ಒತ್ತಿಕೊಳ್ಳುವುದನ್ನು ನೋಡಿ ನಾನೂ ಅತ್ತೆಯೂ ನಕ್ಕಿದ್ದೇ ನಕ್ಕಿದ್ದು. ಆಕೆಯೂ ನಗುತ್ತಿದ್ದಳು, ಆದರೆ ಬಿಡಲಿಲ್ಲ. ಕೊನೆಗೆ ಒಂದು ದಿನ ಬಂದು, "ಬಾಯಿ ಸುದ್ದಾತ್ರಿ, ಮುಂದಿಂದು ಓದ್ರಿ" ಎಂದಳು.

ಅದಾದ ಮುಂದಿನ ಮಳೆಗಾಲದಲ್ಲಿ ದಾನಪ್ಪನ ಕಣ್ಣು ಹೋಯಿತು.

ಮಗ್ಗದಲ್ಲಿ ನೂಲು ಹೊತ್ತು ಎಡದಿಂದ ಬಲಕ್ಕೆ ಹಾರಾಡುವ ಲಾಳಿಯಿದೆಯಲ್ಲ, ಅದರ ತುದಿ ಕಬ್ಬಿಣದ್ದು. ದಾನಪ್ಪನ ಮಗ್ಗದ ಲಾಳಿ ಜಿಗಿಯುತ್ತಿತ್ತು. ಮಗ್ಗ ದುರಸ್ತಿ ಮಾಡುವವನನ್ನು ಅಲ್ಲಿ ಜಾಬರ್ ಎನ್ನುತ್ತಾರೆ. ಆ ಶೆಡ್ಡಿನ ಜಾಬರ್ ದತ್ತೋಬಾ. ದಾನಪ್ಪ ಅವನಿಗೆ ಮೂರು ಸಲ ಹೇಳಿದ. ದತ್ತೋಬಾ ಮೂರು ಸಲವೂ "ನೋಡೋಣು" ಎಂದ. ನಾಲ್ಕನೆಯ ದಿನ ಲಾಳಿ ಹಾರಿ ಬಂದು ಎಡಗಣ್ಣಿಗೆ ಹೊಡೆಯಿತು. ಕೊಲ್ಲಾಪುರದ ಆಸ್ಪತ್ರೆಯಲ್ಲಿ ಇಪ್ಪತ್ತು ದಿನವಿದ್ದರೂ ಕಣ್ಣು ಉಳಿಯಲಿಲ್ಲ.

ಕಣ್ಣಿಗಿಂತ ಹೆಚ್ಚಿನದೊಂದು ಪೆಟ್ಟು ಆಮೇಲೆ ಬಿತ್ತು. ಮಾಲೀಕ ವಿಚಾರಿಸಿದಾಗ ದತ್ತೋಬಾ, "ಅಂವ ಅವತ್ತ ಕುಡದ ಬಂದಿದ್ದ" ಎಂದುಬಿಟ್ಟ. ದಾನಪ್ಪ ದೀಕ್ಷಾಸ್ನಾನ ಪಡೆದಂದಿನಿಂದ ಹೆಂಡ ಮುಟ್ಟಿದವನಲ್ಲ. ಆದರೆ ಮಾತು ಓಣಿಯೆಲ್ಲ ಹಬ್ಬಿತು. ಬೇರೆ ಶೆಡ್ಡಿನವರು ಕೆಲಸ ಕೊಡಲಿಲ್ಲ. ಸಭೆಯಲ್ಲೂ ಒಬ್ಬಿಬ್ಬರು ಅವನ ಬಾಯಿಯ ವಾಸನೆ ನೋಡುವವರಂತೆ ಹತ್ತಿರ ಬಂದು ನಿಂತರಂತೆ. ಆತ ಸಭೆಗೆ ಹೋಗುವುದನ್ನೇ ಬಿಟ್ಟ. ದಿನಾ ಬಸ್ಸು ಹಿಡಿದು ಶಿರೋಳಿಯ ಎರಕದ ಫೌಂಡ್ರಿಗೆ ಮರಳು ಹೊರಲು ಹೋಗಿ, ಮೈಯೆಲ್ಲ ಮಸಿಯಾಗಿ ಮರಳುತ್ತಿದ್ದ. ಯಾರೊಡನೆಯೂ ಮಾತಿಲ್ಲ.

ನಾಲ್ಕು ತಿಂಗಳ ಮೇಲೆ ಮಾರ್ತವ್ವ ಮತ್ತೆ ಪುಸ್ತಕ ಹಿಡಿದು ಬಂದಳು. ಸೊರಗಿ ಅರ್ಧವಾಗಿದ್ದಳು. ಅತ್ತೆ ಅಕ್ಕಿಯ ಮೊರ ಕೆಳಗಿಟ್ಟು, "ಬಿಸಿಲಾಗ ಯಾಕ ಕೂಡ್ರತಿ, ಒಳಗ ಬಾ" ಎಂದರು. ಎರಡು ವರ್ಷ ಬಿಸಿಲಲ್ಲಿ ಕೂತವಳನ್ನು ಒಳಗೆ ಕರೆಯಬೇಕೆಂದು ನನಗೆ ಒಮ್ಮೆಯೂ ಹೊಳೆದಿರಲಿಲ್ಲ, ನೋಡಿ. ಓದುತ್ತಿದ್ದವಳು ನಾನು, ಬೆನ್ನು ಹಾಕಿ ಕೇಳುತ್ತಿದ್ದವರು ಅತ್ತೆ.

ನಿಲ್ಲಿಸಿದ್ದ ಕಡೆ ಪುಸ್ತಕ ತೆರೆದೆ. ಮುಂದಿದ್ದ ಮಾತಿನ ಮೇಲೆ ಕಣ್ಣಾಡಿಸಿದೆ. ವೈರಿಗಳನ್ನು ಪ್ರೀತಿಸಿ, ನಿಮ್ಮನ್ನು ಹಿಂಸಿಸುವವರಿಗಾಗಿ ಪ್ರಾರ್ಥಿಸಿ ಎಂಬ ಅರ್ಥದ ಮಾತದು. ಈ ಹೆಂಗಸಿಗೆ, ಇಂಥ ಹೊತ್ತಿನಲ್ಲಿ, ಇದನ್ನು ಓದುವುದೇ? ಮೆಲ್ಲಗೆ ಮಗುಚಿ, ಮುಂದಿನ ಪುಟದ ಹಕ್ಕಿಗಳ ಮಾತು, ಹೂವುಗಳ ಮಾತು ಓದತೊಡಗಿದೆ. ಮಾರ್ತವ್ವ ತಲೆಯೆತ್ತಿದಳು.

"ಅಕ್ಕಾರ, ಹಾಳಿ ಸಪ್ಪಳಾತು. ನಡುವ ಏನೋ ಬಿಟ್ರಿ."

"ಅದು ಇವತ್ತ ಬ್ಯಾಡ, ಮಾರ್ತವ್ವ."

"ನನಗ ಬೇಕಾದ್ದಷ್ಟ ಕೇಳಿದ್ರ ಅದು ದೇವರ ಮಾತ ಹೆಂಗ ಆದೀತ್ರಿ? ನನ್ನ ಮಾತ ಆದೀತು. ಓದ್ರಿ."

ಓದಿದೆ. ಆಕೆ ಪುಸ್ತಕವನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಎದ್ದುಹೋದಳು. ಇನ್ನು ಬರುವುದಿಲ್ಲ ಅಂದುಕೊಂಡೆ. ಮುಂದಿನ ವಾರ ಬಂದಳು. "ಅದನ್ನ ಓದ್ರಿ" ಎಂದಳು. ಅದರ ಮುಂದಿನ ವಾರವೂ ಅದೇ. ಹೀಗೆ ಎಂಟು ತಿಂಗಳು ನಾನು ಒಂದೇ ಮಾತನ್ನು ಓದಿದ್ದೇನೆಂದರೆ ನೀವು ನಂಬಲಿಕ್ಕಿಲ್ಲ.

ದತ್ತೋಬಾ ಬಡವನಾಗಿ, ಹಾಸಿಗೆ ಹಿಡಿದು, ನೀರು ಕೊಡುವವರಿಲ್ಲದೆ ಬಿದ್ದಿದ್ದರೆ ಆಕೆಗೆ ಸುಲಭವಾಗುತ್ತಿತ್ತೇನೋ. ಅವನು ಗಟ್ಟಿಮುಟ್ಟಾಗಿದ್ದ. ಸ್ವಂತದ್ದೊಂದು ಜೋಡಿ ಮಗ್ಗವನ್ನೂ ಹಾಕಿದ್ದ. "ಅವಗ ನನ್ನಿಂದ ಏನೂ ಬೇಕಾಗಿಲ್ಲಲ್ಲ ಅಕ್ಕಾರ, ಏನಂತ ಪ್ರೀತಿ ಮಾಡ್ಲಿ?" ಎಂದು ಆಕೆ ನಿಜವಾದ ತೊಡಕಿನಲ್ಲಿ ಕೇಳಿದಳು. ಆಮೇಲೆ ತಾನೇ ಒಂದು ದಾರಿ ಹುಡುಕಿದಳು. ಅಲ್ಲಿಯವರೆಗೆ ಆಕೆ ಅವನನ್ನು "ಆ ಹೆಣ" ಎಂದೇ ಕರೆಯುತ್ತಿದ್ದಳು. ಮೊದಲು ಅವನ ಹೆಸರು ಹೇಳಲು ಕಲಿತಳು. ದಿನಾ ಬೆಳಿಗ್ಗೆ ಪುಸ್ತಕದ ಮೇಲೆ ಕೈಯಿಟ್ಟು, "ಸ್ವಾಮಿ, ದತ್ತೋಬಾಗ ಚೊಲೋದ ಮಾಡು" ಎನ್ನುವುದು. "ಹೊಟ್ಟ್ಯಾಗಿಂದ ಬರ್ತೈತೇನು?" ಎಂದೆ. "ಇಲ್ರಿ. ಬಾಯಿಲೆ ಅಷ್ಟ ಬರ್ತೈತಿ. ಶಿಲುಬಿಗೆ ಮೊಳಿ ಬಡಿಯೋರ ಸಲುವಾಗಿ ಯೇಸುಸ್ವಾಮಿ ಪ್ರಾರ್ಥನಾ ಮಾಡಿದ್ನಲ್ಲ, ಅವಂಗ ಹೇಳೇನಿ, ಹೊಟ್ಟಿಗೂ ನೀನ ಕಲಿಸು ಅಂತ" ಎಂದಳು.

ಇದು ದಾನಪ್ಪನ ಕಿವಿಗೆ ಬಿತ್ತು. ಆ ಮೌನಿ ಮನುಷ್ಯ ಅಂದು ಓಣಿಗೆಲ್ಲ ಕೇಳುವಂತೆ ಕೂಗಿದ. "ಕಣ್ಣ ಹೋಗಿದ್ದು ನಂದು. ಹೆಸರ ಕೆಟ್ಟಿದ್ದು ನಂದು. ಕ್ಷಮಾ ಮಾಡಾಕ ನೀ ಯಾರ?"

ಒಂದು ತಿಂಗಳು ಗಂಡ ಹೆಂಡಿರ ನಡುವೆ ಮಾತಿಲ್ಲ. ಆಕೆ ಬುತ್ತಿ ಕಟ್ಟಿಡುವಳು, ಆತ ಎತ್ತಿಕೊಂಡು ಹೋಗುವನು. ಆಕೆ ಅತ್ತದ್ದನ್ನು ನಾನು ಕಂಡದ್ದು ಆ ತಿಂಗಳಲ್ಲಿ ಮಾತ್ರ. ಕಡೆಗೆ ಆತನಿಗೆ ಹೀಗೆ ಹೇಳಿದಳಂತೆ: "ನಿಮ್ಮ ಪರವಾಗಿ ಕ್ಷಮಾ ಮಾಡೂ ಹಕ್ಕ ನನಗಿಲ್ರಿ, ಖರೇ ಐತಿ. ಅದು ನಿಮಗ ಬಿಟ್ಟಿದ್ದು. ನನ್ನ ಎದ್ಯಾಗ ಒಂದ ಮುಳ್ಳ ಐತಿ, ಅದನ್ನಷ್ಟ ನಾ ತಗೀತೀನಿ. ಅದು ಇದ್ರ ನಿಮ್ಮನ್ನ ನೋಡಿದಾಗೆಲ್ಲ ನನಗ ನೀವು ಕಾಣೂದಿಲ್ಲ, ಅವನ ಕಾಣ್ತಾನ." ಮರುದಿನ ಬುತ್ತಿ ಎತ್ತಿಕೊಳ್ಳುವಾಗ ದಾನಪ್ಪ "ಹೋಗಿ ಬರ್ತೇನಿ" ಎಂದನಂತೆ. ಅದನ್ನು ಹೇಳಲು ಆಕೆ ಮಗ್ಗ ನಡೆಯುವ ದಿನವೇ ನಮ್ಮ ಮನೆಗೆ ಓಡಿ ಬಂದು ಆ ಗದ್ದಲದಲ್ಲಿ ನನ್ನ ಕಿವಿಯಲ್ಲಿ ಕೂಗಿದಳು.

ಬೇಸಿಗೆಯಲ್ಲಿ ದತ್ತೋಬಾನ ಮಗಳ ಮದುವೆ ಬಂತು. ಮದುವೆಮನೆಗೆ ಓಣಿಯ ಹೆಂಗಸರು ಹೋಗಿ ಗೋದಿ ಹಸನು ಮಾಡಿಕೊಡುವುದು, ಹಪ್ಪಳ ಲಟ್ಟಿಸುವುದು ಅಲ್ಲಿ ರೂಢಿ. ಕರೆಯದಿದ್ದರೂ ಮಾರ್ತವ್ವ ಹೋಗಿ ಮೂಲೆಯಲ್ಲಿ ಗೋದಿ ಹಿಡಿದು ಕೂತಳು. ದತ್ತೋಬಾ ಕಂಡವನೇ, "ಈಕೀನ್ನ ಯಾರ ಕರದ್ರು? ಹೊರಗ ಹೋಗು" ಎಂದ. ಆಕೆ ಎದ್ದು ಬಂದಳು. ಮರುದಿನ ಮತ್ತೆ ಹೋದಳು. ಅಂದು ಅವನ ಹೆಂಡತಿ, ಪಾಪ, ಒಂದು ಮೊರ ತಂದು ಆಕೆಯ ಮುಂದಿಟ್ಟಳು.

ಮದುವೆ ಮುಗಿದ ವಾರಕ್ಕೆ ದತ್ತೋಬಾ ನಮ್ಮ ಮನೆಗೆ ಬಂದ. ಕೂರೆಂದರೂ ಕೂರಲಿಲ್ಲ. ಅವನಂಥ ಆಳು ಅಷ್ಟು ಹೆದರಿದ್ದನ್ನು ನಾನು ಕಂಡಿರಲಿಲ್ಲ.

"ಖರಂ ಸಾಂಗಾ, ವಹಿನೀ, ಖರೇ ಹೇಳ್ರಿ. ಆಕಿ ದಿನಾ ಒಂದ ಪುಸ್ತಕದ ಮ್ಯಾಲ ಕೈ ಇಟ್ಟ ನನ್ನ ಹೆಸರ ತಗೋತಾಳಂತ. ಮಾಟ ಮಾಡಾಕತ್ತಾಳಂತ ಮಂದಿ ಅಂತಾರ. ನೀವ ಓದತೀರಂತಲ್ಲ. ಆ ಪುಸ್ತಕದಾಗ ನನ್ನ ಹೆಸರ ಐತೇನ್ರಿ?"

ನಗು ಬಂತು, ನುಂಗಿಕೊಂಡೆ. ಎಂಟು ತಿಂಗಳು ಓದಿ ಬಾಯಿಪಾಠವಾಗಿದ್ದ ಆ ಮಾತನ್ನು ಅವನಿಗೆ ಹೇಳಿದೆ. "ಇದನ್ನ ಆಕಿ ಮಾಡಾಕತ್ತಾಳ. ನಿನ್ನ ಹೆಸರ ಹೇಳಿ, ಚೊಲೋದಾಗ್ಲಿ ಅಂತಾಳ. ಮಾಟಲ್ಲೋ" ಎಂದೆ. ಅವನು ಬಾಗಿಲ ಚೌಕಟ್ಟು ಹಿಡಿದು ನಿಂತ. "ಮಾಟ ಇದ್ದಿದ್ರ ಭೇಷಿತ್ತು" ಎಂದು ಗೊಣಗಿ ಹೊರಟುಹೋದ.

ನಂತರ ನಡೆದದ್ದನ್ನು ನಾನು ನೋಡಲಿಲ್ಲ. ನಮ್ಮವರು ನೋಡಿ ಬಂದು ಹೇಳಿದರು. ರಜೆಯ ದಿನ ಬೆಳಿಗ್ಗೆ ಚಹಾದಂಗಡಿಯಲ್ಲಿ ಶೆಡ್ಡಿನ ಜನರೆಲ್ಲ ಕೂತಿದ್ದರು, ಮಾಲೀಕನೂ ಇದ್ದ. ದಾರಿಯಲ್ಲಿ ಹೋಗುತ್ತಿದ್ದ ದಾನಪ್ಪನನ್ನು ದತ್ತೋಬಾ ತಾನೇ ಎದ್ದು ತಡೆದು ನಿಲ್ಲಿಸಿ ಹೇಳಿದ: "ಎಲ್ಲಾರೂ ಕೇಳ್ರಿ. ಇಂವ ಅವತ್ತ ಕುಡದಿರಲಿಲ್ಲ. ಲಾಳಿ ಜಿಗೀತೈತಿ ಅಂತ ಹೇಳಿದ್ದ. ನಾ ನೋಡಲಿಲ್ಲ. ಸುಳ್ಳ ಹೇಳಿದೆ."

ದಾನಪ್ಪ ಅವನನ್ನು ಅಪ್ಪಿಕೊಳ್ಳಲಿಲ್ಲ. ಉಳಿದಿದ್ದ ಒಂದು ಕಣ್ಣಿನಿಂದ ಅವನನ್ನು ದಿಟ್ಟಿಸಿ, "ಇನ್ನೊಮ್ಮೆ ಹೇಳು" ಎಂದ. ದತ್ತೋಬಾ ಇನ್ನೊಮ್ಮೆ ಹೇಳಿದ. "ಇನ್ನೊಮ್ಮೆ" ಎಂದ ದಾನಪ್ಪ. ದತ್ತೋಬಾ ಮೂರನೆಯ ಸಲವೂ ಹೇಳಿದ. ದಾನಪ್ಪ ತಲೆಯಾಡಿಸಿ ನಡೆದುಹೋದ. ಮಾಲೀಕ ಮತ್ತೆ ಕೆಲಸಕ್ಕೆ ಕರೆಸಿದರೂ ಆತ ಹೋಗಲಿಲ್ಲ. ಆದರೆ ಮುಂದಿನ ಭಾನುವಾರ ಶುಭ್ರವಾದ ಅಂಗಿ ತೊಟ್ಟು ಸಭೆಗೆ ಹೋದ.

ಅಂದು ಮಧ್ಯಾಹ್ನವೇ ಮಾರ್ತವ್ವ ಬಂದಳು. ಅತ್ತೆ ಆಕೆಗೆ ನಮ್ಮ ಮನೆಯ ಲೋಟದಲ್ಲೇ ಚಹಾ ಕೊಟ್ಟರು. ಕುಡಿದು, ಬಾಯಿ ಒರೆಸಿಕೊಂಡು, ಆಕೆ ಎಂದಳು: "ಮುಂದಿಂದು ಓದ್ರಿ, ಅಕ್ಕಾರ."

ಎಂಬತ್ತರ ದಶಕದ ಮೊದಲಿಗೆ ಆ ಗಂಡ ಹೆಂಡತಿ ಗಡಹಿಂಗ್ಲಜಕ್ಕೆ ಹೋದರು. ಅಂದು ರಾಜಿಯಾದ ಆ ತಮ್ಮನೇ ಕರೆಸಿಕೊಂಡಿದ್ದ. ಅವರು ಹೋಗಿ ಎರಡು ವರ್ಷಕ್ಕೆ ನಮ್ಮ ಅತ್ತೆ ತೀರಿಕೊಂಡರು. ಇಲ್ಲಿ ನನ್ನದೊಂದು ಮಾತಿದೆ, ಕಳೆದ ತಿಂಗಳವರೆಗೆ ಯಾರಿಗೂ ಹೇಳದ್ದು. ಅತ್ತೆಯ ಹಿರಿಯ ಸೊಸೆ, ನನ್ನ ನೆಗೆಣ್ಣಿ ಶಾಂತಕ್ಕ, ಕೊಲ್ಲಾಪುರದಲ್ಲಿದ್ದಳು. ಅತ್ತೆ ಕೊನೆಯ ದಿನಗಳಲ್ಲಿ ಆಕೆಯ ಹೆಸರನ್ನೇ ಹಿಡಿದಿದ್ದರು. ಇಷ್ಟು ವರ್ಷ ಜೊತೆಗಿದ್ದು ಸೇವೆ ಮಾಡಿದವಳು ನಾನು, ಕೊನೆಯ ಗಳಿಗೆಯಲ್ಲಿ ಆಕೆ ಬಂದು ಮುದ್ದಿನ ಸೊಸೆಯಾಗುವುದೇ ಎಂಬ ಹೊಟ್ಟೆಕಿಚ್ಚಿಗೆ ನಾನು ಹೇಳಿಕಳಿಸುವುದನ್ನು ತಡಮಾಡಿದೆ. ಶಾಂತಕ್ಕ ಬರುವಷ್ಟರಲ್ಲಿ ಮಣ್ಣಾಗಿತ್ತು. ಆಕೆಗೆ ಮುಖ ಸಿಗಲಿಲ್ಲ. ನೆಂಟರೆಲ್ಲ ನನ್ನತ್ತ ನೋಡಿದಾಗ, "ನಾಕ ದಿನದ ಹಿಂದನ ಹೇಳಿಕಳಿಸೇನಿ, ಬರಲಿಲ್ಲ" ಎಂದುಬಿಟ್ಟೆ. ಶಾಂತಕ್ಕ ನನ್ನನ್ನು ಒಮ್ಮೆ ನೋಡಿದಳು, ಏನೂ ಹೇಳಲಿಲ್ಲ.

ಮರುವರ್ಷ ಯಾವುದೋ ಮದುವೆಗೆ ಗಡಹಿಂಗ್ಲಜಕ್ಕೆ ಹೋದವಳು ಮಾರ್ತವ್ವನನ್ನು ಹುಡುಕಿಕೊಂಡು ಹೋದೆ. ಹೊರಗೆ ಕಟ್ಟೆಯ ಮೇಲೆ ದಾನಪ್ಪ ಪುಸ್ತಕವನ್ನು ಬಲಗಣ್ಣಿಗೆ ಅಂಟಿಸುವಷ್ಟು ಹತ್ತಿರ ಹಿಡಿದು, ಬೆರಳಿಟ್ಟು, ಅಕ್ಷರಕ್ಕೊಮ್ಮೆ ಉಸಿರೆಳೆದು ಓದುತ್ತಿದ್ದ. ನಾನು ಜೊತೆಗಿಲ್ಲವಲ್ಲ, ಹೆಂಡತಿಗೆ ಓದಿ ಹೇಳುವವರಿಲ್ಲವೆಂದು ಐವತ್ತನೆಯ ವಯಸ್ಸಿನಲ್ಲಿ ಒಂಟಿಗಣ್ಣಿನಲ್ಲಿ ಕನ್ನಡ ಅಕ್ಷರ ಕಲಿತಿದ್ದ! ಮಾರ್ತವ್ವ ಗಲ್ಲಕ್ಕೆ ಕೈಯಿಟ್ಟು, ಆ ಒಂದೊಂದು ಅಕ್ಷರಕ್ಕೂ ಕಾಯುತ್ತ ಕೂತಿದ್ದಳು. ನಾನು ಉತ್ಸಾಹದಿಂದ ಪುಸ್ತಕ ಇಸಿದುಕೊಂಡು ಹಳೆಯ ಚುರುಕಿನಲ್ಲಿ ಓದಿದೆ. ಆಕೆ ನಕ್ಕಳು. "ನೀವು ಭಾಳ ಚೊಲೋ ಓದ್ತೀರಿ ಅಕ್ಕಾರ. ಆದ್ರ ಇವ್ರ ಓದಿದ್ರ ನನಗ ಯೋಚನಿ ಮಾಡಾಕ ವ್ಯಾಳ್ಯಾ ಸಿಗತೈತಿ."

ಹೊರಡುವಾಗ, ಯಾವ ಕುಹಕವೂ ಇಲ್ಲದೆ, ಹಳೆಯ ಗೆಳತಿಯ ಕ್ಷೇಮ ವಿಚಾರಿಸುವಂತೆ ಕೇಳಿದಳು: "ನೀವು ಯಾವ ಮಾತಿಗೆ ಬಂದ ನಿಂತೀರಿ, ಅಕ್ಕಾರ?"

"ನಾ ಬರೇ ಓದಾಕಿ, ಮಾರ್ತವ್ವ" ಎಂದು ನಗಾಡಿ ಬಸ್ಸು ಹತ್ತಿದೆ. ಆಮೇಲೆ ಆಕೆಯನ್ನು ನೋಡಲಾಗಲಿಲ್ಲ. ಕೆಲವು ವರ್ಷಕ್ಕೆ ಆಕೆ ತೀರಿಕೊಂಡ ಸುದ್ದಿ ಬಂತು. ಕೊನೆಯ ದಿನವೂ ದಾನಪ್ಪ ಓದುತ್ತಿದ್ದನಂತೆ.

ಕಳೆದ ತಿಂಗಳು ದವಾಖಾನೆಯಿಂದ ಹೊರಬಂದವಳು ಇಚಲಕರಂಜಿಯ ಬಸ್ಸು ಹಿಡಿಯಲಿಲ್ಲ. ರಿಕ್ಷಾದವನಿಗೆ ಶಾಂತಕ್ಕನ ಮನೆಯ ಗುರುತು ಹೇಳಿದೆ. ಮದುವೆ ಮುಂಜಿಗಳಲ್ಲಿ ಎದುರಾದಾಗ "ಆರಾಮೇನು" ಎಂದಷ್ಟೇ ಕೇಳಿ ನಲವತ್ತು ವರ್ಷ ಕಳೆದಿದ್ದೆವು. ಆಕೆಗೀಗ ಎಂಬತ್ತು ದಾಟಿದೆ. ಕೂತ ಕೂಡಲೇ ಹೇಳಿದೆ, ಇಲ್ಲದಿದ್ದರೆ ಹೇಳಲಾಗುತ್ತಿರಲಿಲ್ಲ. "ಅಕ್ಕಾ, ಅತ್ತಿ ಹೋಗುವಾಗ ನಾ ನಿನಗ ಹೊತ್ತಿಗೆ ಸರಿಯಾಗಿ ಹೇಳಿಕಳಿಸಿರಲಿಲ್ಲ. ಎಲ್ಲಾರ ಮುಂದ ಸುಳ್ಳ ಹೇಳಿದೆ."

"ಗೊತ್ತಿತ್ತು ನನಗ" ಎಂದಳು ಶಾಂತಕ್ಕ. "ಹೇಳಾಕ ಬಂದ ಮನಷ್ಯಾನ ಹೇಳಿದ್ದ, ಇವತ್ತ ಮುಂಜಾನೆ ಕಳಿಸ್ಯಾರ ಅಂತ."

"ಮತ್ತ ಯಾರ ಮುಂದೂ ಯಾಕ ಅನ್ನಲಿಲ್ಲ?"

"ನೀನ ಹೇಳ್ತಿ ಅಂತ ಕಾಯ್ದೆ."

ಆದರೆ ಅಷ್ಟಕ್ಕೇ ಮುಗಿಯುವಂತಿರಲಿಲ್ಲ. ಸುಳ್ಳನ್ನು ಹೇಳಿದ್ದು ಎಲ್ಲರೆದುರಿಗೆ. ಮರುದಿನ ನನ್ನ ಮಕ್ಕಳನ್ನೂ ಅಲ್ಲಿಗೇ ಕರೆಸಿದೆ. ಆಕೆಯ ಮಕ್ಕಳು, ಸೊಸೆಯರು, ಮೊಮ್ಮಕ್ಕಳು, ಎಲ್ಲರೂ ಹಜಾರದಲ್ಲಿ ನೆರೆದಾಗ ಎದ್ದು ನಿಂತು ಅದೇ ಮಾತನ್ನು ಮೊದಲಿನಿಂದ ಹೇಳಿದೆ. ಮಕ್ಕಳು ಮುಖ ಮುಖ ನೋಡಿಕೊಂಡರು. ಶಾಂತಕ್ಕ ಕೋಲೂರಿ ಎದ್ದು ಬಂದು, ನನ್ನ ರಟ್ಟೆ ಹಿಡಿದು ತನ್ನ ಮಗ್ಗುಲಿಗೆ ಕೂರಿಸಿಕೊಂಡು, ಸೊಸೆಯರತ್ತ ತಿರುಗಿದಳು.

"ಕೇಳಿದ್ರಿಲ್ಲ? ನಡೀರಿ, ತಾಟ ಹಾಕ್ರಿ. ನನ್ನ ತಂಗಿ ಇವತ್ತ ಇಲ್ಲೇ ಉಣ್ತಾಳ."